ಹೆಣ್ಣು ನೋಡಲು ಹೋಗಿ ಪುಸ್ತಕ ಕೇಳಿದ ನಮ್ಮತ್ತೆ

ಕಾದಂಬರಿಗಳ ಕೊನೆಯ ಪುಟವನ್ನು ನಮ್ಮ ಸೋದರತ್ತೆಯಷ್ಟು ಓದಿದವರು ಇಡೀ ಮೈಸೂರು ಜಿಲ್ಲೆಯಲ್ಲಿ ಇನ್ನೊಬ್ಬರು ಸಿಗಲಾರರು ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ಮೊದಲ ಪುಟ ಎಷ್ಟು ಓದಿದ್ದಾಳೆ ಎಂದು ಮಾತ್ರ ದಯವಿಟ್ಟು ಕೇಳಬೇಡಿ! ಪುಸ್ತಕ ಕೈಗೆ ಬಂತೆಂದರೆ ಅದನ್ನು ಮಗುಚಿ ಹಿಂದಿನಿಂದ ತೆರೆದು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಕೊನೆಯ ಪುಟ ಓದುವಳು. ಅಲ್ಲಿ ಮದುವೆ ಇದ್ದರೆ ‘ಥೂ’ ಎಂದು ಮುಚ್ಚುವಳು. ಯಾರಾದರೂ ಸತ್ತಿದ್ದರೆ ‘ಅಯ್ಯೋ ಪಾಪ’ ಎಂದು ಮುಚ್ಚುವಳು. ನಮ್ಮ ಕಾದಂಬರಿಗಳಲ್ಲಿ ಇವೆರಡು ಬಿಟ್ಟು ಮೂರನೆಯದು ಆಗುವುದು ಎಲ್ಲಿ? ಹಾಗಾಗಿ ಸಂತೆಯ ದಿನ ಹುಣಸೂರಿನ ಬಾಡಿಗೆ ಲೈಬ್ರರಿಗೆ ಹೋಗಿ, ಕಾಲು ನೋಯುವ ತನಕ ನಿಂತು, ಬರಿಗೈಯಲ್ಲಿ ಬಿಳಿಕೆರೆ ಬಸ್ಸು ಹತ್ತುವುದೇ ಅವಳ ಓದಿನ ಕ್ರಮವಾಗಿತ್ತು.

ಇವಳು ನಮ್ಮಪ್ಪನ ಅಕ್ಕ. ಮದುವೆಯಾದ ಹೊಸದರಲ್ಲೇ ಗಂಡನ ಮನೆಯಿಂದ ಟ್ರಂಕು ಹೊರಿಸಿಕೊಂಡು ವಾಪಸ್ಸು ಬಂದವಳು. ಗಂಡ ಕುಡಿಯುತ್ತಾನಾ? ಇಲ್ಲ. ಹೊಡೆಯುತ್ತಾನಾ? ಇಲ್ಲ. ಮತ್ತೆ ಯಾಕೆ ಬಂದೆ ಎಂದರೆ, ‘ಆ ಮನೇಲಿ ಓದಾಕೆ ಏನೂ ಇಲ್ಲ’ ಎಂದಳಂತೆ! ಪಂಚಾಯ್ತಿಗೆ ಸೇರಿದ್ದ ಹಿರಿಯರಿಗೆ ಈ ಕಾರಣಕ್ಕೆ ಏನು ತೀರ್ಪು ಕೊಡಬೇಕೆಂದು ತಿಳಿಯದೆ ಎಲ್ಲರೂ ಕಾಫಿ ಕುಡಿದು ಎದ್ದು ಹೋದರಂತೆ. ಅವಳನ್ನು ಮಿಡ್ಲ್ ಸ್ಕೂಲಿನ ತನಕ ಓದಿಸಿದ್ದಕ್ಕೆ ನಮ್ಮಜ್ಜಿ ಸಾಯುವವರೆಗೂ ತಾತನನ್ನು ಕ್ಷಮಿಸಲಿಲ್ಲ.

ಸಾಮಾಜಿಕ ಕಾದಂಬರಿ ಅವಳಿಗೆ ಆಗುತ್ತಿರಲಿಲ್ಲ. ‘ಅತ್ತೆ ಸೊಸೆ ಜಗಳಕ್ಕೆ ಪುಸ್ತಕ ಯಾಕ್ಲಾ ಬೇಕು? ಇತ್ಲಾಗೆ ನಿಂತ್ಕಂಡ್ರೆ ಪುಕ್ಕಟೆ ಕೇಳ್ತದೆ’ ಎನ್ನುವಳು. ಅವಳಿಗೆ ಬೇಕಿದ್ದುದು ಮಾಟ ಮಂತ್ರ, ಹಾರುವ ಮಂಚ, ಏಳು ಸಮುದ್ರದಾಚೆಯ ದ್ವೀಪ. ರಾಕೆಟ್ಟಿನ ಕತೆಗಳು ಬರತೊಡಗಿದ ಮೇಲೆ ರಾಕೆಟ್ಟೂ ಸೇರಿತು. ಲೈಬ್ರರಿಯವನು ಬಾಡಿಗೆ ಸೈಕಲ್ಲನ್ನೂ ಇಟ್ಟಿದ್ದ. ಪಂಕ್ಚರ್ ಹಾಕುವ ಕೈಯಲ್ಲೇ ಕಾದಂಬರಿ ಕೊಡುತ್ತಿದ್ದುದರಿಂದ ಹುಣಸೂರಿನ ಸಾಹಿತ್ಯಕ್ಕೆಲ್ಲ ರಬ್ಬರ್ ಸಲ್ಯೂಷನ್ನಿನ ವಾಸನೆ ಇರುತ್ತಿತ್ತು. ಒಂದು ದಿನ ಅವನ ತಾಳ್ಮೆ ತೀರಿತು.

‘ಅಮ್ಮಾ, ನಿಮಗೆ ಎಂಥ ಪುಸ್ತಕ ಬೇಕು ಅಂತ ಒಂದ್ಸಾರಿ ಬಾಯಿಬಿಟ್ಟು ಹೇಳಿಬಿಡಿ.’

‘ಮಾಟ ಇರ್ಬೇಕು, ಇಲ್ಲಾಂದ್ರೆ ರಾಕೆಟ್ ಇರ್ಬೇಕು. ಕೊನೇಗೆ ಮದ್ವೆ ಇರ್ಬಾರ್ದು, ಸಾವೂ ಇರ್ಬಾರ್ದು.’

‘ಅದು ಕಾದಂಬರಿ ಅಲ್ಲ ಕಣಮ್ಮ, ಕೃಷಿ ಇಲಾಖೆಯವರು ಪುಕ್ಕಟೆ ಹಂಚ್ತಾರಲ್ಲ, ಆ ಪುಸ್ತಕ!’

ಅತ್ತೆ ಅವನಿಗೆ ಅರ್ಧ ಮಾತ್ರ ಹೇಳಿದ್ದಳು. ಮಿಕ್ಕರ್ಧವನ್ನು ಹೇಳಿದ್ದು ನನಗೆ, ಅದೂ ಬಸ್‌ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಬಿಡಿಸುತ್ತಾ. ‘ಇಬ್ರು ಎಂಗಸ್ರು ಕಣ್ಲಾ. ಹಾರೋ ಮಂಚನೋ, ರಾಕೆಟ್ಟೋ, ಯಾವ್ದೋ ಒಂದನ್ನ ಅತ್ಕಂಡು ಓಯ್ತಾರೆ. ರಾಕ್ಷಸ ಬರ್ಲಿ, ಬ್ಯಾಡ ಅನ್ನಾಕಿಲ್ಲ. ಕೊನೇ ಪುಟದಾಗೂ ಅವ್ರಿಬ್ರೂ ಜೊತೇಲೇ ಇರ್ಬೇಕು. ಅಷ್ಟೇ. ಬರೆಯೋರಿಗೆ ಇದೇನು ಕಷ್ಟಾನಾ?’

ನಾನಾಗ ಹುಣಸೂರಿನ ಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರು. ವಿಜ್ಞಾನದ ಮೇಷ್ಟರೆಂದರೆ ಯಾವುದಕ್ಕೂ ಆಶ್ಚರ್ಯಪಡಬಾರದು ಎಂದು ನಂಬಿದ್ದ ಕಾಲ ಅದು. ‘ಅತ್ತೆ, ನಿನಗೆ ಅಂಥ ಪುಸ್ತಕ ಹುಡುಕಿಕೊಡೋ ಜವಾಬ್ದಾರಿ ನನ್ನದು’ ಎಂದು ದೊಡ್ಡ ಮನಸ್ಸಿನವನ ಗತ್ತಿನಲ್ಲಿ ಹೇಳಿದೆ. ಆಹಾ, ಏನು ಗತ್ತು! ಏನು ಪರೋಪಕಾರ! ನಿಜ ಹೇಳಬೇಕೆಂದರೆ ನಾನು ಅವಳಿಗಿಂತ ಮೊದಲಿನಿಂದಲೇ ಅಂಥದೇ ಒಂದು ಪುಸ್ತಕಕ್ಕಾಗಿ ಹುಡುಕಾಡುತ್ತಿದ್ದೆ. ನನ್ನ ಪುಸ್ತಕದಲ್ಲಿ ಇಬ್ಬರು ಹೆಂಗಸರಿಗೆ ಬದಲು ಇಬ್ಬರು ಗಂಡಸರು, ಅಷ್ಟೇ ವ್ಯತ್ಯಾಸ.

ನಮ್ಮ ಹಳೆಯ ಕತೆಗಳಲ್ಲಿ ರಾಜಕುಮಾರನೂ ಮಂತ್ರಿಕುಮಾರನೂ ಇರುತ್ತಾರಲ್ಲ, ಅವರನ್ನು ಸ್ವಲ್ಪ ಜ್ಞಾಪಿಸಿಕೊಳ್ಳಿ. ಒಟ್ಟಿಗೇ ಆಡುತ್ತಾರೆ, ಒಟ್ಟಿಗೇ ಉಣ್ಣುತ್ತಾರೆ, ಒಬ್ಬರನ್ನು ಬಿಟ್ಟು ಒಬ್ಬರು ಇರುವುದಿಲ್ಲ ಎಂದು ಪ್ರಮಾಣ ಮಾಡಿ ಕಾಡಿಗೆ ಹೋಗುತ್ತಾರೆ. ರಾಜಕುಮಾರನಿಗೆ ಹಾವು ಕಚ್ಚಿದರೆ ಮಂತ್ರಿಕುಮಾರ ವಿಷ ಹೀರುತ್ತಾನೆ. ನಾನು ಹುಡುಗನಾಗಿದ್ದಾಗ ಉಸಿರು ಬಿಗಿಹಿಡಿದು ಓದುತ್ತಿದ್ದುದು ಅಲ್ಲಿಯ ತನಕ. ಆಮೇಲೆ ಎಲ್ಲಿಂದಲೋ ಒಬ್ಬಳು ರಾಜಕುಮಾರಿ ಬರುತ್ತಾಳೆ! ರಾಜಕುಮಾರ ಅವಳ ಕಡೆಗೆ ಹೊರಳುತ್ತಾನೆ. ಸರಿ, ಹೊರಳಲಿ. ಆದರೆ ಮಂತ್ರಿಕುಮಾರನಿಗೆ? ಕೊನೆಯ ಪುಟದಲ್ಲಿ ಆ ರಾಜಕುಮಾರಿಯ ಗೆಳತಿಯನ್ನು ತಂದು ಅವನ ಕೊರಳಿಗೆ ಕಟ್ಟುತ್ತಾರೆ. ಅವನನ್ನು ಒಂದು ಮಾತು ಕೇಳಿದರೇನು? ಎಂಟನೇ ಕ್ಲಾಸಿನಲ್ಲಿದ್ದಾಗ ಈ ಅನ್ಯಾಯಕ್ಕೆ ನಾನು ಅತ್ತಿದ್ದೇನೆ. ಅವ್ವ ಕೇಳಿದ್ದಕ್ಕೆ ಹೊಟ್ಟೆನೋವು ಎಂದು ಹೇಳಿ ಹರಳೆಣ್ಣೆ ಕುಡಿಯಬೇಕಾಯಿತು.

ಮನುಷ್ಯ ಚಂದ್ರನ ಮೇಲೆ ಇಳಿದ ಸುದ್ದಿ ಬಂದಾಗ ಇಡೀ ಊರಿಗೆ ವಿವರಿಸುವ ಭಾರ ನನ್ನ ಮೇಲೆ ಬಿತ್ತು. ಜಗಲಿಯ ಮೇಲೆ ಕುಂಬಳಕಾಯಿಯೊಂದನ್ನು ಭೂಮಿ ಮಾಡಿ, ನಿಂಬೆಹಣ್ಣನ್ನು ಚಂದ್ರ ಮಾಡಿ, ನಾನು ಪಾಠ ಶುರು ಮಾಡಿದೆ. ಇಬ್ಬರು ಗಂಡಸರು ಕೆಳಗಿಳಿದು ಓಡಾಡಿ ವಾಪಸ್ಸು ಬಂದರು ಎಂದೆ. ಎಲ್ಲರೂ ಬೆರಗಾಗಿ ಬಾಯಿ ತೆರೆದರು. ಅತ್ತೆ ಮಾತ್ರ ಕೇಳಿದಳು:

‘ಇಬ್ರೇ ಇಳ್ದಿದ್ರಾ?’

‘ಇಬ್ಬರೇ.’

‘ಅಲ್ಲಿ ಕೇಳೋರು ಯಾರೂ ಇರ್ನಿಲ್ವಾ?’

‘ಯಾರೂ ಇಲ್ಲ.’

‘ಮತ್ಯಾಕ್ಲಾ ವಾಪಸ್ ಬಂದ್ರು, ಪೆದ್ದು ಮುಂಡೇವು! ಅಲ್ಲೇ ಇದ್ದುಬುಡ್ಬಾರ್ದಿತ್ತಾ?’

‘ಅತ್ತೆ, ಅಲ್ಲಿ ಗಾಳಿ ಇಲ್ಲ. ಉಸಿರಾಡೋಕೆ ಆಗಲ್ಲ.’

‘ಇಲ್ಲಿ ಆಯ್ತದಾ?’

ಜನ ಹೋ ಎಂದು ನಕ್ಕರು. ನಾನೂ ನಕ್ಕೆ. ಆಮೇಲೆ ಯಾಕೋ ಕುಂಬಳಕಾಯಿ ಪಾಠ ಮುಂದುವರಿಸಲು ಮನಸ್ಸು ಬರದೆ ಅದನ್ನು ಅಡುಗೆಮನೆಗೆ ಕೊಟ್ಟುಬಿಟ್ಟೆ.

ಸಿಗದ ಪುಸ್ತಕವನ್ನು ನಾನೇ ಬರೆದರೆ ಹೇಗೆ ಎಂಬ ಯೋಚನೆಯೂ ಬಂತು. ಯಾಕೆ ಬರಬಾರದು? ಅಕ್ಷರ ಬರುತ್ತಿತ್ತು, ಬೇಸಿಗೆ ರಜವಿತ್ತು. ನನ್ನ ರಾಜಕುಮಾರನೂ ಮಂತ್ರಿಕುಮಾರನೂ ಕುದುರೆ ಏರಿ ಹೊರಟರು. ಸಂಜೆಯಾಯಿತು. ಒಂದು ಹಾಳು ಮಂಟಪದಲ್ಲಿ ಇಳಿದರು. ಇನ್ನೇನು ರಾಜಕುಮಾರ ಮಾತಾಡಬೇಕು, ಅವನಿಗೆ ಏನು ಹೇಳಿಸಬೇಕೆಂದು ತೋಚದೆ ನನಗೆ ಬೆವರು ಕಿತ್ತುಕೊಂಡಿತು. ಸ್ವಲ್ಪ ಹೊತ್ತು ಹೋಗಲಿ ಎಂದು ಮಂತ್ರಿಕುಮಾರನಿಗೆ ಕುದುರೆಯ ಮೈ ಉಜ್ಜಲು ಹಚ್ಚಿದೆ. ಉಜ್ಜಿದ. ಪುಟಗಟ್ಟಲೆ ಉಜ್ಜಿದ. ಬಾಲ ಬಾಚಿದ, ಗೊರಸು ತೊಳೆದ, ಹುಲ್ಲು ಹಾಕಿದ. ರಜ ಮುಗಿಯಿತು. ಅತ್ತೆ ಎಲ್ಲವನ್ನೂ ಓದಿ, ಕನ್ನಡಕ ತೆಗೆದಿಟ್ಟು, ‘ಕುದ್ರೆ ಚೆನ್ನಾಗೈತೆ’ ಎಂದಳು. ನನ್ನ ಸಾಹಿತ್ಯ ಜೀವನ ಅಲ್ಲಿಗೆ ಮುಗಿಯಿತು.

ಇಷ್ಟರಲ್ಲಿ ಮನೆಯಲ್ಲಿ ನನ್ನ ಮದುವೆಯ ಮಾತು ಎದ್ದಿತು. ನನಗೆ ಮದುವೆ ಬೇಡವಾಗಿತ್ತು. ಹೆಣ್ಣೇ ಬೇಡವಾಗಿತ್ತು. ಅದನ್ನು ಯಾವ ಮಾತಿನಲ್ಲಿ ಹೇಳುವುದು? ಅಂಥ ಒಂದು ಪುಸ್ತಕ ಸಿಕ್ಕಿದ್ದರೆ ಅಪ್ಪನ ಮುಂದೆ ಇಟ್ಟು ‘ಇದನ್ನು ಓದಿ’ ಎಂದಾದರೂ ಹೇಳಬಹುದಿತ್ತು. ಪುಸ್ತಕವೇ ಸಿಗಲಿಲ್ಲವಲ್ಲ! ವಾಯುವಿನ ಒತ್ತಡ ಎಂದರೇನು ಎಂದು ಗಂಟೆಗಟ್ಟಲೆ ಹೇಳಬಲ್ಲ ನಾನು ಅಪ್ಪನ ಮುಂದೆ ನಿಂತಾಗ ‘ಹೂಂ’ ಅಂದೆ. ನಮ್ಮ ಹೊಲದ ಹೊಗೆಸೊಪ್ಪು ಮಾರಾಟವಾದ ಕೂಡಲೇ ಹೆಣ್ಣು ನೋಡುವ ಓಡಾಟ ಶುರುವಾಯಿತು. ಮನೆಗೆ ಹಿರಿಯವಳೆಂದು ಅತ್ತೆಯೂ ಜೊತೆಗೆ ಹೊರಟಳು. ಅವಳ ಲೆಕ್ಕವೇ ಬೇರೆ. ಹೊಸ ಊರು ಎಂದರೆ ಹೊಸ ಪುಸ್ತಕ!

ಮೊದಲು ಹೋದದ್ದು ಕೃಷ್ಣರಾಜನಗರಕ್ಕೆ. ನೀರಾವರಿ ಜಮೀನಿನ ದೊಡ್ಡ ಮನೆ. ಉಪ್ಪಿಟ್ಟು, ಕೇಸರಿಬಾತು ಬಂತು, ಹುಡುಗಿಯೂ ಬಂದು ತಲೆ ತಗ್ಗಿಸಿ ಕುಳಿತಳು. ನಾನು ಅವಳಿಗಿಂತ ಹೆಚ್ಚು ತಲೆ ತಗ್ಗಿಸಿ ಕುಳಿತೆ. ಹುಡುಗಿಗೆ ಹಾಡು ಬರುತ್ತದೆಯೇ, ಅಡುಗೆ ಬರುತ್ತದೆಯೇ ಎಂದು ಕೇಳಬೇಕಾದ ಅತ್ತೆ ಹುಡುಗಿಯ ಅಪ್ಪನನ್ನು ಕೇಳಿದಳು:

‘ನಿಮ್ಮನೇಲಿ ಪುಸ್ತಕ ಏನೇನೈತೆ?’

ಅವರು ಗಾಬರಿಯಾಗಿ ಒಳಗೆ ಓಡಿ, ಹುಡುಗಿ ಓದಿದ ಸ್ಕೂಲ್ ಪುಸ್ತಕಗಳನ್ನೆಲ್ಲ ತಂದು ಸುರಿದರು. ಅತ್ತೆ ಒಂದೊಂದನ್ನೂ ಮಗುಚಿ ನೋಡಿ ನಿಟ್ಟುಸಿರು ಬಿಟ್ಟಳು. ‘ಕತೆ ಪುಸ್ತಕ ಇಲ್ವಾ?’ ಮನೆಯಲ್ಲಿದ್ದುದು ಪಂಚಾಂಗ ಒಂದೇ. ಅಪ್ಪ ನನ್ನ ಕಡೆ ನೋಡಿದರು. ನಾನು ‘ನೋಡೋಣ’ ಎಂದೆ. ನಮ್ಮ ಕಡೆ ‘ಬೇಡ’ ಎನ್ನುವುದನ್ನು ಮರ್ಯಾದೆಯಾಗಿ ಹೇಳುವ ರೀತಿ ಅದು.

ಹೆಣ್ಣು ಗಂಡು ಜೋಡಿಸುವ ದಲ್ಲಾಳಿಗೆ ಮಾತ್ರ ಹೊಸ ವಿಷಯವೊಂದು ಹೊಳೆಯಿತು. ಈ ಗಂಡಿನ ಕಡೆಯವರು ಚಿನ್ನ ಕೇಳುವುದಿಲ್ಲ, ಸೈಕಲ್ ಕೇಳುವುದಿಲ್ಲ, ಪುಸ್ತಕ ನೋಡುತ್ತಾರೆ ಎಂದು ಊರೂರಿಗೆ ಸುದ್ದಿ ಹಬ್ಬಿಸಿದ. ಮುಂದೆ ಪಿರಿಯಾಪಟ್ಟಣದ ಮನೆಗೆ ಹೋದರೆ ನಡುಮನೆಯಲ್ಲಿ ಒಂದು ಮೇಜು, ಅದರ ಮೇಲೆ ಕ್ರೋಷ ಕಡ್ಡಿಯಲ್ಲಿ ಹೆಣೆದ ಬಟ್ಟೆ, ಬಟ್ಟೆಯ ಮೇಲೆ ನನ್ನ ಎದೆಯೆತ್ತರಕ್ಕೆ ಪುಸ್ತಕ! ಬೀದಿಯಲ್ಲಿ ಯಾರ ಯಾರ ಮನೆಯಲ್ಲಿ ಅಚ್ಚಾದ ಕಾಗದ ಸಿಕ್ಕಿತೋ ಎಲ್ಲವನ್ನೂ ಎರವಲು ತಂದು ಪೇರಿಸಿದ್ದರು. ಅತ್ತೆಗೆ ಸಂಭ್ರಮವೋ ಸಂಭ್ರಮ. ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಳಿತೇಬಿಟ್ಟಳು. ಬೀಗರಾಗುವವರು ಕೈಕಟ್ಟಿ ನಿಂತಿದ್ದಾರೆ, ಅಪ್ಪ ಬೆವರು ಒರೆಸಿಕೊಳ್ಳುತ್ತಿದ್ದಾರೆ, ಇವಳು ಒಂದಾದ ಮೇಲೊಂದು ಕೊನೆಯ ಪುಟ ಓದುತ್ತಿದ್ದಾಳೆ. ದನಗಳ ರೋಗದ ಪುಸ್ತಕವನ್ನೂ ಬಿಡಲಿಲ್ಲ. ಸತ್ತ ದನವನ್ನು ಸುಣ್ಣ ಹಾಕಿ ಆಳವಾಗಿ ಹೂಳಬೇಕು ಎಂಬಲ್ಲಿಗೆ ಅದು ಮುಗಿದಿತ್ತು.

‘ಇದ್ರಾಗೂ ಸಾಯ್ತವೆ ಕಣ್ಲಾ!’ ಎಂದು ನನಗೆ ಕೂಗಿ ಹೇಳಿದಳು.

ಆ ಸಂಬಂಧವೂ ಮುರಿಯಿತು. ಪಿರಿಯಾಪಟ್ಟಣದ ತನಕ ಬಂದವರು ಅಲ್ಲೇ ಹತ್ತಿರದ ಕೊಪ್ಪವನ್ನು ನೋಡಿಯೇ ಹೋಗೋಣ ಎಂದು ಅತ್ತೆ ಹಟ ಹಿಡಿದಳು. ಅಲ್ಲಿ ಟಿಬೆಟಿನವರು ಬಂದು ನೆಲೆಸಿದ ಮೇಲೆ ಪರದೇಶದ ಜನ ಬಂದು ಹೋಗುತ್ತಿದ್ದರು. ಅವರು ಬಿಟ್ಟುಹೋದ ಇಂಗ್ಲಿಷ್ ಪುಸ್ತಕಗಳು ಸ್ವೆಟರ್ ಅಂಗಡಿಯ ಮೂಲೆಯಲ್ಲಿ ಬಿದ್ದಿರುತ್ತವೆ ಎಂದು ಅವಳಿಗೆ ಯಾರೋ ಹೇಳಿದ್ದರು. ಒಂದು ಇತ್ತು! ರಟ್ಟಿನ ಮೇಲೆ ರಾಕೆಟ್ಟು, ಕೆಂಪು ಬೆಟ್ಟ, ಗಾಜಿನ ಟೋಪಿ ಹಾಕಿ ದಪ್ಪ ಅಂಗಿ ತೊಟ್ಟ ಇಬ್ಬರು ಕೈ ಕೈ ಹಿಡಿದುಕೊಂಡು ನಿಂತಿದ್ದರು. ಚೌಕಾಸಿಯನ್ನೂ ಮಾಡದೆ ದುಡ್ಡು ಕೊಟ್ಟು ಕೊಂಡೆ.

‘ಇಬ್ರೂ ಎಂಗಸ್ರು,’ ಎಂದಳು ಅತ್ತೆ.

‘ಇಬ್ಬರೂ ಗಂಡಸರು,’ ಎಂದೆ ನಾನು, ಸ್ವಲ್ಪ ಜೋರಾಗಿಯೇ.

ಆ ದಪ್ಪ ಅಂಗಿಯೊಳಗೆ ಯಾರಿದ್ದಾರೆಂದು ದೇವರಿಗೇ ಗೊತ್ತಾಗುವಂತಿರಲಿಲ್ಲ. ಊರು ಸೇರುವ ತನಕ ಬಸ್ಸಿನಲ್ಲಿ ಜಗಳವಾಡಿದೆವು. ಓದಿ ತೀರ್ಮಾನ ಹೇಳಬೇಕಾದವನು ನಾನೇ. ನನ್ನ ಇಂಗ್ಲಿಷೋ, ಇನ್‌ಸ್ಪೆಕ್ಷನ್ ದಿನಕ್ಕೆಂದು ಇಟ್ಟುಕೊಂಡಿದ್ದ ಇಂಗ್ಲಿಷು! ಸಾಲಿಗೆ ನಾಲ್ಕು ಸಲ ಡಿಕ್ಷನರಿ ತೆರೆದು, ಪುಸ್ತಕಕ್ಕಿಂತ ಡಿಕ್ಷನರಿಯನ್ನೇ ಹೆಚ್ಚು ಓದಿ, ಕಡೆಗೂ ಮುಗಿಸಿದೆ. ಗಾಜಿನ ಟೋಪಿಯವರು ಗಂಡಸರೂ ಅಲ್ಲ, ಹೆಂಗಸರೂ ಅಲ್ಲ. ಯಾವುದೋ ಗ್ರಹದ ಜಿರಳೆಗಳು! ಆದರೆ ಒಂದು ಮಾತು. ಆ ಜಿರಳೆಗಳು ಕೊನೆಯ ಪುಟದ ತನಕ ಒಂದನ್ನೊಂದು ಬಿಡಲಿಲ್ಲ. ಹೀಗಂತೆ ಎಂದು ಅತ್ತೆಗೆ ಹೇಳಿದೆ.

‘ಜಿರ್ಲೆಗಿರೋ ಪುಣ್ಯ ನೋಡ್ಲಾ,’ ಎಂದು ಅವಳು ರಾಗಿ ಕೇರುವುದನ್ನು ಮುಂದುವರಿಸಿದಳು.

ಇಷ್ಟೆಲ್ಲ ತಮಾಷೆಯಾಗಿ ಹೇಳುತ್ತಿದ್ದೇನೆ. ಮನೆಯಲ್ಲಿ ಮಾತ್ರ ಆಗ ತಮಾಷೆ ಉಳಿದಿರಲಿಲ್ಲ. ನನ್ನ ‘ನೋಡೋಣ’ಗಳನ್ನು ಕೇಳಿ ಕೇಳಿ ಅವ್ವ ಊಟ ಬಿಡತೊಡಗಿದ್ದಳು. ಹೆಗ್ಗಡದೇವನಕೋಟೆ ತಾಲ್ಲೂಕಿನ ಹಂಪಾಪುರದಿಂದ ಒಂದು ಸಂಬಂಧ ಬಂದಾಗ ಅಪ್ಪ ನನ್ನನ್ನು ಕರೆದು, ‘ಇದೊಂದು ಒಪ್ಪಿಕೊಂಡುಬುಡು, ನಿನ್ನ ಕೈ ಮುಗೀತೀನಿ’ ಎಂದರು. ನಿಜವಾಗಿಯೂ ಕೈ ಮುಗಿದರು. ಅಪ್ಪ ಕೈ ಮುಗಿದಾಗ ನೆಟ್ಟಗೆ ನಿಂತುಕೊಳ್ಳುವ ಧೈರ್ಯ ನನಗೆ ಎಲ್ಲಿಂದ ಬರಬೇಕು? ಒಪ್ಪಿಕೊಂಡುಬಿಡೋಣ, ಎಲ್ಲರ ಹಾಗೆ ಆಗಿಹೋಗಲಿ ಎಂದು ತೀರ್ಮಾನ ಮಾಡಿಕೊಂಡೇ ಬಸ್ಸು ಹತ್ತಿದೆ.

ಹಂಪಾಪುರದ ಹುಡುಗಿ ತಲೆ ತಗ್ಗಿಸಿ ಕೂರಲಿಲ್ಲ. ಅತ್ತೆ ಕೇಳುವ ಮೊದಲೇ ಒಳಗಿನಿಂದ ತನ್ನ ಪುಸ್ತಕಗಳನ್ನು ತಂದು ಅವಳ ಪಕ್ಕದಲ್ಲಿ ಕುಳಿತಳು. ಎಲ್ಲ ಅವಳೇ ಕೂಡಿಸಿಟ್ಟವು, ಎಲ್ಲ ಓದಿ ಓದಿ ಅಂಚು ಸವೆದವು. ಇಬ್ಬರಿಗೂ ಎಷ್ಟು ಮಾತು! ಯಾವ ಮಾಂತ್ರಿಕ ದಡ್ಡ, ಯಾವ ರಾಕ್ಷಸ ಪಾಪದವನು ಎಂದು ಚರ್ಚೆ ಮಾಡಿ ಮಾಡಿ ಕಾಫಿ ಆರಿಹೋಯಿತು. ಅತ್ತೆ ಅಷ್ಟು ಸಂತೋಷವಾಗಿದ್ದುದನ್ನು ನಾನು ಕಂಡಿರಲಿಲ್ಲ.

‘ಗಂಡ ಅನ್ನೋನು ಎಂಗಿರ್ಬೇಕು ಕೂಸೇ ನಿಂಗೆ?’ ಎಂದು ಕೇಳಿದಳು.

ಹುಡುಗಿ ನನ್ನ ಕಡೆ ಒಂದು ಸಲ ನೋಡಿ ಹೇಳಿದಳು: ‘ಹೆಂಗಿದ್ರೂ ಸರಿ ಅತ್ತೆಮ್ಮ. ನನ್ನ ಕಂಡ್ರೆ ಅವ್ರಿಗೆ ಆಸೆ ಇರ್ಬೇಕು. ಸಂಜೆ ಆದ್ರೆ ಮನೇಗ್ ಹೋಗ್ಬೇಕು ಅನ್ನಿಸ್ಬೇಕು. ಅಷ್ಟೇಯ.’

ಅತ್ತೆ ನನ್ನ ಮುಖ ನೋಡಿದಳು. ನಾನು ಕೇಸರಿಬಾತಿನೊಳಗಿನ ದ್ರಾಕ್ಷಿಯನ್ನು ನೋಡಿದೆ.

ಅಪ್ಪನಿಗೆ ಇನ್ನು ತಡೆಯಲಾಗಲಿಲ್ಲ. ‘ನಮಗೆ ಪೂರ್ತಿ ಒಪ್ಪಿಗೆ. ಎಲೆ ಅಡಿಕೆ ಬದಲಾಯಿಸ್ಕೊಂಡುಬುಡೋಣ’ ಎಂದರು. ಹುಡುಗಿಯ ಅಪ್ಪ ನಗುನಗುತ್ತಾ ತಟ್ಟೆ ಎತ್ತಿದರು. ಆ ತಟ್ಟೆ ಕೈ ಬದಲಾಯಿಸಿತೆಂದರೆ ಮಾತು ಮುಗಿದ ಹಾಗೆ. ನಾನು ತಲೆ ಆಡಿಸಲು ಸಿದ್ಧನಾಗಿದ್ದೆ. ಅಷ್ಟರಲ್ಲಿ ಅತ್ತೆ ಕೈ ಚಾಚಿ ಎಲೆಗಳ ಮೇಲೆ ಅಂಗೈ ಊರಿದಳು.

‘ತಡಿ ತಮ್ಮ. ಉಡುಗಿ ಚಿನ್ನದಂಥವ್ಳು. ನಮ್ಮುಡುಗನೇ ಆಗಾಕಿಲ್ಲ.’

‘ಏನಕ್ಕಯ್ಯ ನೀನನ್ನೋದು?’ ಎಂದು ಅಪ್ಪ ಅರ್ಧ ಎದ್ದರು.

‘ಇವ್ನಿಗೆ ಎಂಡ್ತಿ ಬೇಕಾಗಿಲ್ಲ. ಬ್ಯಾಡದೋನಿಗೆ ಕಟ್ಟಿ ಈ ಕೂಸಿನ ಬಾಳು ಕೆಡಸ್ಬ್ಯಾಡ. ಬಯ್ಯೋದಿದ್ರೆ ನನ್ನ ಬಯ್ಕ.’

ಹುಡುಗಿಯ ಅಪ್ಪ ಮೆಲ್ಲಗೆ ಕೇಳಿದರು, ‘ಹುಡುಗನಿಗೆ ಏನಾದರೂ ಕಾಯಿಲೆಯಾ ತಾಯಿ?’

‘ಕಾಯ್ಲೆ ಏನಿಲ್ಲ, ಗಟ್ಟಿಮುಟ್ಟಾಗವ್ನೆ. ಕತೆ ಪುಸ್ತಕ ಓದ್ತಾನೆ, ಅಷ್ಟೇ,’ ಎಂದು ಅತ್ತೆ ಎದ್ದು ನಿಂತಳು.

ಹುಡುಗಿ ಮಾತ್ರ ಬಾಗಿಲ ತನಕ ಬಂದಳು. ತನ್ನ ಪುಸ್ತಕಗಳಲ್ಲಿ ಒಂದನ್ನು ಅತ್ತೆಯ ಕೈಗಿಟ್ಟು, ‘ಇದ್ರಲ್ಲಿ ರಾಕ್ಷಸನ್ನ ಕೊಲ್ಲಲ್ಲ, ಓದಿ’ ಎಂದಳು. ನನ್ನ ಮೇಲೆ ಅವಳಿಗೆ ಕೋಪವಿದ್ದಂತೆ ಕಾಣಲಿಲ್ಲ. ನನಗೇ ನನ್ನ ಮೇಲೆ ಇತ್ತು.

ವಾಪಸ್ಸು ಬರುವಾಗ ಅಪ್ಪ ಬಸ್ಸಿನ ಮುಂದಿನ ಸೀಟಿನಲ್ಲಿ ಕುಳಿತು ಹಿಂದಕ್ಕೆ ತಿರುಗಿ ನೋಡಲಿಲ್ಲ. ಅತ್ತೆ ನನ್ನನ್ನು ಕಿಟಕಿಯ ಕಡೆಗೆ ತಳ್ಳಿ ಪಕ್ಕದಲ್ಲಿ ಕುಳಿತಳು. ಬಸ್ಸು ಹೆಗ್ಗಡದೇವನಕೋಟೆ ದಾಟಿತು. ಆಮೇಲೆ ಎದುರಿನ ಸೀಟಿನ ಕಂಬಿಯನ್ನು ನೋಡುತ್ತಾ ಶುರು ಮಾಡಿದಳು.

‘ನಂಗೂ ಒಬ್ಳು ಇದ್ಲು ಕಣ್ಲಾ. ನಮ್ಮೂರೋಳೇ. ಜೊತೇಲಿ ಇಸ್ಕೂಲ್ಗೆ ಓಯ್ತಿದ್ದೋ. ಅವಳ್ನ ಒಂದ್ ಕಡೆ ಕೊಟ್ರು, ನನ್ನ ಒಂದ್ ಕಡೆ ಕೊಟ್ರು. ನಾನು ವಾಪಸ್ ಬಂದೆ. ಅವ್ಳು ಬರ್ನಿಲ್ಲ.’

ಕಂಬಿಯ ಮೇಲಿಂದ ಕಣ್ಣು ತೆಗೆಯದೆ ಅವಳೇ ಮುಂದುವರಿಸಿದಳು.

‘ಒಂದಿನ ಬಾರೇ, ಉಂಡ್ಕಂಡ್ ಓಗು ಅಂತ ಕರೀಬೋದಿತ್ತು. ಕರೀನಿಲ್ಲ. ಜನ ಏನಂದಾರು ಅಂತ ಎದ್ರುಕಂಡೆ. ಪುಸ್ತಕ ಉಡುಕ್ತಾ ಕುಂತೆ. ಈಗ ಅವ್ಳಿಗೆ ಮೊಮ್ಮಕ್ಳು.’ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದಳು. ‘ನಿಂಗೆ ಯಾರಾದ್ರೂ ಅವ್ರೇನ್ಲಾ?’

ಹುಟ್ಟಿದಾಗಿನಿಂದ ಯಾರೂ ಕೇಳಿರದಿದ್ದ ಪ್ರಶ್ನೆ ಅದು. ‘ಇದ್ದಾನೆ ಅತ್ತೆ,’ ಎಂದೆ. ‘ನಮ್ಮ ಸ್ಕೂಲಿಗೆ ಡ್ರಿಲ್ ಮೇಷ್ಟ್ರಾಗಿ ಬಂದಿದ್ದಾನೆ. ಕೊಡಗಿನವನು.’

ಯಾವ ಜನ, ಯಾರ ಮಗ, ಜಮೀನು ಎಷ್ಟು ಎಂದು ಕೇಳುತ್ತಾಳೆಂದು ಕಾದೆ.

‘ಮುದ್ದೆ ಉಣ್ತಾನೇನ್ಲಾ?’

ಅನ್ನ ಉಂಡು ಬೆಳೆದವನಿಗೆ ಮುದ್ದೆ ನುಂಗುವುದು ಎಲ್ಲಿಂದ ಬರಬೇಕು? ಮುದ್ದೆಯನ್ನು ಹಲ್ಲಿಗೆ ತಗುಲಿಸಿದವನನ್ನು ಕಂಡರೆ ನಮ್ಮ ಕಡೆ ಪಂಕ್ತಿಗೆ ಪಂಕ್ತಿಯೇ ಕೈ ತೊಳೆಯುವುದನ್ನು ಮರೆತು ನಗುತ್ತದೆ.

‘ಉಣ್ತಾನೆ. ಆದ್ರೆ ಅಗೀತಾನೆ ಅತ್ತೆ,’ ಎಂದೆ.

‘ಅಗೀಲಿ ಬುಡು,’ ಎಂದಳು ಅತ್ತೆ. ‘ಬಾನ್ವಾರ ಕರ್ಕಂಡ್ ಬಾ. ನಮ್ಮನೇಲಿ ಯಾರೂ ನಗಾಕಿಲ್ಲ.’